ಪಾದದ ಹೊಸ ಪಾಠ

ಹದಿನೆಂಟು ವರ್ಷ ಕಾಲಿನಿಂದ ತುಳಿಯುವ ಮೆಷಿನ್ನಿನಲ್ಲೇ ಬಟ್ಟೆ ಹೊಲಿದು ಮನೆ ನಡೆಸಿದವಳು ಅವಳು. ಪರದೇಶದಲ್ಲಿರುವ ಅಕ್ಕ ಈಗ ಅವಳನ್ನು ತನ್ನ ಹೊಲಿಗೆ ಅಂಗಡಿಗೆ ಕರೆಸಿಕೊಳ್ಳುತ್ತಿದ್ದಳು. ಅಲ್ಲಿರುವುದೆಲ್ಲ ಕರೆಂಟಿನ ಮೆಷಿನ್ನುಗಳು. ಹೊರಡಲು ಇನ್ನು ಹತ್ತೇ ದಿನ. ಅಂಥದೊಂದನ್ನು ಇಲ್ಲೇ ಕೊಳ್ಳೋಣವೆಂದು, ಇಷ್ಟು ವರ್ಷ ತನಗೆ ಸೂಜಿ, ಎಣ್ಣೆ ಮಾರಿದ ಅಂಗಡಿಗೇ ಬಂದು, ಹೊರಡುವ ವಿಷಯ ಹೇಳಿದಳು.

"ಕೊಡಲ್ಲಮ್ಮ," ಎಂದ ಅಂಗಡಿಯವನು. "ಅಲ್ಲಿನ ಕರೆಂಟು ಇಲ್ಲಿಯದರ ಅರ್ಧ. ಈ ಮೋಟಾರು ಅಲ್ಲಿ ತೂಕಡಿಸ್ತಾ ಕೂರುತ್ತೆ. ಅಲ್ಲೇ ತಗೋ."

"ಅಲ್ಲಿ ಅಕ್ಕನ ಹತ್ರ ಬೇಕಾದಷ್ಟು ಮೆಷಿನ್ನಿವೆ ಅಣ್ಣ."

"ಮತ್ತೆ ಇದ್ಯಾಕೆ? ದಾರಿಯಲ್ಲಿ ಹೊಲಿಯೋಕಾ?"

"ಹೋಗೋದ್ರೊಳಗೆ ಕಲಿತುಬಿಡೋಣ ಅಂತ. ನನ್ನಂಥ ಕೈ ಇನ್ನೊಂದಿಲ್ಲ ಅಂತ ಅಕ್ಕ ಅಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದಾಳೆ. ಅವರ ಮುಂದೆ ತಡವರಿಸಿದ್ರೆ ಅವಳ ಮುಖ ಏನಾಗಬೇಕು?"

ಅವನು ನಗಲಿಲ್ಲ. ತೋರಿಸಲೆಂದು ಇಟ್ಟಿದ್ದ ಮೆಷಿನ್ನಿಗೆ ಪ್ಲಗ್ಗು ಹಾಕಿ, ಸ್ಟೂಲು ಎಳೆದು, ಹಳೆಯ ಬಟ್ಟೆಯ ತುಂಡೊಂದನ್ನು ಕೊಟ್ಟ. ಅವಳು ಪೆಡಲಿನ ಮೇಲೆ ಕಾಲಿಟ್ಟದ್ದೇ ತಡ, ಬಟ್ಟೆ ಬೆರಳ ಸಂದಿಯಿಂದ ಓಡಿತು, ಹೊಲಿಗೆ ಅಂಕುಡೊಂಕಾಯಿತು.

"ತುಳೀಬೇಡ. ಮಗು ಮಲಗಿರೋ ಕೋಣೇಲಿ ಹೆಜ್ಜೆ ಇಡ್ತೀವಲ್ಲ, ಹಾಗೆ ಒತ್ತು."

ಗಿರಾಕಿಗಳು ಬಂದರು, ಹೋದರು. ಹದಿನೆಂಟು ವರ್ಷದ ಅಭ್ಯಾಸವನ್ನು ಪಾದ ಅಷ್ಟು ಸುಲಭವಾಗಿ ಬಿಡಲೊಲ್ಲದು. ಕೊನೆಗೆ ಅವಳು ಚಪ್ಪಲಿ ಕಳಚಿ, ಬರಿಗಾಲಿನಲ್ಲಿ ಮೆಲ್ಲಗೆ ಒತ್ತಿದಳು. ಗೇಣುದ್ದದ ನೇರ ಹೊಲಿಗೆ ಬಿತ್ತು. ಅದನ್ನು ಬೆರಳಿನಿಂದ ಸವರಿ ನೋಡಿದಳು.

"ನಾಳೆ ಅಂಗಡಿ ಎಷ್ಟೊತ್ತಿಗೆ ತೆಗೀತೀರಣ್ಣ?" ಎಂದು ಕೇಳಿದಳು.