ಕುದುರೆ ಕಾಣದ ಪಿಸ್ತೂಲು, ಒಂದು ಬಟ್ಟಲು ಹರಳೆಣ್ಣೆ

ಒಣಗಿದ ತೊಗಲನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಚಪ್ಪಲಿಯಾಗಲಿ, ಗಡಿಯಾರದ ಪಟ್ಟಿಯಾಗಲಿ, ಬಂದವರು ಹೊರಗೆ ಬಿಟ್ಟ ಜೋಡುಗಳಾಗಲಿ, ಬಳ್ಳಾರಿಯ ಬಿಸಿಲಿಗೆ ಬಿರಿದು ಬಾಯ್ಬಿಟ್ಟ ಚರ್ಮ ನನ್ನನ್ನೇ ನೋಡಿ ಏನನ್ನೋ ಬೇಡುತ್ತಿದೆಯೆನಿಸಿ, ಒಳಗೆ ಹೋಗಿ ಹರಳೆಣ್ಣೆಯ ಬಟ್ಟಲು ತರುತ್ತೇನೆ. ಈ ವ್ಯಸನವನ್ನು ನನಗೆ ಅಂಟಿಸಿದವರು ಕಾನ್ವೆಂಟಿನ ಸಿಸ್ಟರುಗಳು. ಶನಿವಾರದ ಮಧ್ಯಾಹ್ನ ನಾವು ಹುಡುಗಿಯರು ಸಾಲಾಗಿ ಕೂತು ಬೂಟು ತಿಕ್ಕುತ್ತಿರುವಾಗ ಹಿರಿಯ ಸಿಸ್ಟರೊಬ್ಬರು ಹಿಂದಿನಿಂದ ಸದ್ದಿಲ್ಲದೆ ಬಂದು, ಬೂಟಿನ ನಾಲಗೆಯನ್ನು ಮೇಲೆತ್ತಿ ಅದರ ಒಳಮೈಯನ್ನು ಪರೀಕ್ಷಿಸುತ್ತಿದ್ದರು. ಹೊರಗೆ ಹೊಳೆದರೆ ಸಾಲದು, ಕಾಣದ ಕಡೆಯೂ ಶುಚಿಯಿರಬೇಕೆಂಬುದು ಅವರ ಮತ. ಅಲ್ಲಿ ಕಂಠಪಾಠ ಮಾಡಿದ ಇಂಗ್ಲಿಷ್ ಪದ್ಯಗಳೆಲ್ಲ ಮರೆತುಹೋದವು. ಬೂಟಿನ ನಾಲಗೆಯೊಂದೇ ನನ್ನ ಜ್ಞಾನಭಂಡಾರದಲ್ಲಿ ಉಳಿಯಿತು. ಇಷ್ಟು ಸಾತ್ತ್ವಿಕವಾದ ವಿದ್ಯೆಯೂ ಒಮ್ಮೆ ನನ್ನ ಮನೆಯಲ್ಲಿ ಅನಾಹುತಕ್ಕೆ ದಾರಿ ಮಾಡಿತ್ತೆಂದರೆ ನೀವು ನಂಬಲಿಕ್ಕಿಲ್ಲ.

ಹೊಳೆಯಾಚೆಯ ಸೀಮೆ ಇನ್ನೂ ನಿಜಾಮರ ಆಳ್ವಿಕೆಯಲ್ಲಿದ್ದು, ಗಡಿಯ ಊರುಗಳ ಜನ ದಾಳಿಗೆ ಹೆದರಿ ಹೊತ್ತು ಮುಳುಗುವ ಮುನ್ನವೇ ಬಾಗಿಲಿಗೆ ಅಗುಳಿ ಹಾಕಿಕೊಳ್ಳುತ್ತಿದ್ದ ಕಾಲ ಅದು. ನಮ್ಮ ಮನೆಯವರು ಬಳ್ಳಾರಿಯಲ್ಲಿ ವಕೀಲರು. ಸಿರುಗುಪ್ಪದ ಹತ್ತಿರ ರಾರಾವಿಯಲ್ಲಿ ನಮಗೆ ಗದ್ದೆಗಳಿದ್ದುದರಿಂದ ತಿಂಗಳಿಗೆರಡು ಸಲವಾದರೂ ಅವರು ಅಲ್ಲಿಗೆ ಹೋಗಿಬರಲೇಬೇಕಿತ್ತು. ಹಿತೈಷಿಗಳ ಒತ್ತಾಯಕ್ಕೆ ಕಟ್ಟುಬಿದ್ದು ಲೈಸೆನ್ಸು ಪಡೆದು, ಸ್ವದೇಶಕ್ಕೆ ಹೊರಟಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿಯಿಂದ ಪುಟ್ಟದೊಂದು ಪಿಸ್ತೂಲನ್ನು ಅದರ ತೊಗಲಿನ ಒರೆಯ ಸಮೇತ ಕೊಂಡುಕೊಂಡರು. ಅದನ್ನು ನೋಡಿ ನನಗಾದದ್ದು ಭಯವಲ್ಲ, ನಿರಾಸೆ. ಸಾಬೂನಿನ ಡಬ್ಬಿಗೆ ಹಿಡಿ ಅಂಟಿಸಿದಂತೆ ನುಣ್ಣಗೆ, ಸಭ್ಯವಾಗಿ, ಯಾರ ಗೊಡವೆಗೂ ಹೋಗದ ಪ್ರಾಣಿಯಂತೆ ಮೇಜಿನ ಮೇಲೆ ಮಲಗಿತ್ತು.

ಆ ಸಭ್ಯತೆಯೇ ವಿವಾದಕ್ಕೆ ಮೂಲವಾಯಿತು. ನಮ್ಮ ಪಕ್ಕದ ಮನೆಯಲ್ಲಿ ರಹೀಮ್ ಸಾಹೇಬರೆಂಬ ನಿವೃತ್ತ ಸುಬೇದಾರರಿದ್ದರು. ಬರ್ಮಾದ ಯುದ್ಧದಿಂದ ಹಿಂದಿರುಗಿದವರು, ನನ್ನನ್ನು ಮಗಳಂತೆ ಕಾಣುತ್ತಿದ್ದವರು. ಬಂದೂಕಿನ ಹಿಂಬದಿಯಲ್ಲಿ ತಲೆಯೆತ್ತಿ ನಿಂತು, ಟ್ರಿಗರ್ ಎಳೆದೊಡನೆ ಮುಂದಕ್ಕೆ ಬಡಿಯುವ ಕಬ್ಬಿಣದ ತುಂಡಿಗೆ ನಮ್ಮ ಕಡೆ ಕುದುರೆ ಎನ್ನುತ್ತಾರೆ. ಸುಬೇದಾರರ ಬಾಯಲ್ಲಿ ಅದು ಘೋಡಾ. ನಮ್ಮ ಪಿಸ್ತೂಲಿಗೆ ಆ ಕುದುರೆಯೇ ಇರಲಿಲ್ಲ. ಅದರ ಬದಲು ಮೈಯೊಳಗೆ ಒಂದು ಉಕ್ಕಿನ ಮೊಳೆ, ಅದರ ಬೆನ್ನಿಗೊಂದು ಸ್ಪ್ರಿಂಗು. ಮೇಲಿನ ಕವಚವನ್ನು ಒಮ್ಮೆ ಹಿಂದಕ್ಕೆಳೆದು ಬಿಟ್ಟರೆ ಗುಂಡು ನಳಿಗೆಯ ಗೂಡಿನೊಳಗೆ ಸೇರಿ, ಸ್ಪ್ರಿಂಗು ಒಳಗೊಳಗೇ ಬಿಗಿದು ಕೂತುಬಿಡುತ್ತಿತ್ತು. ಇಂಥದನ್ನು ಗುಂಡು ತುಂಬಿಸಿ ಒರೆಯಲ್ಲಿಟ್ಟು ಸೊಂಟಕ್ಕೆ ಕಟ್ಟಿಕೊಂಡು ತಿರುಗುವುದು ಕ್ಷೇಮವೋ ಅಲ್ಲವೋ ಎಂಬ ಮಹಾಪ್ರಶ್ನೆ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ವಿಚಾರಣೆಗೆ ಬರುತ್ತಿತ್ತು.

“ವಕೀಲ್ ಸಾಬ್, ನನ್ನ ರಿವಾಲ್ವರಿಗೆ ಸಿಟ್ಟು ಬಂದ್ರ ಮುಖದ ಮ್ಯಾಲ ಕಾಣ್ತೈತಿ. ಘೋಡಾ ಎದ್ದೈತೋ ಮಲಗೈತೋ ಹೆಬ್ಬೆಟ್ಟಿಗಿ ಗೊತ್ತಾಗ್ತೈತಿ. ನಿಮ್ದರ ಹೊಟ್ಟ್ಯಾಗ ಏನೈತಿ ಅಂತ ಅಲ್ಲಾಗ ಗೊತ್ತು” ಎಂದು ಸುಬೇದಾರರು ವಾದ ಹೂಡುತ್ತಿದ್ದರು.

“ಕಾಣಾಂಗಿಲ್ಲ ಅಂದ್ರ ತಡಿಯೋ ಕಟ್ಟು ಇಲ್ಲ ಅಂತ ಅಲ್ರಿ ಸಾಹೇಬ್ರ” ಎಂದು ಇವರು ಎದ್ದೇ ನಿಲ್ಲುತ್ತಿದ್ದರು. “ಬಾಜೂಕಿನ ಚಿಲಕ ಸವದೈತಿ, ಒಪ್ಪಿದೆ. ಆದ್ರ ಹಿಡಿ ಹಿಂದ ಈ ಪಟ್ಟಿ ನೋಡ್ರಿ. ಅಂಗೈ ಇದನ್ನ ಒತ್ತಿ ಹಿಡದ್ರ ಮಾತ್ರ ಗುಂಡು ಹಾರತೈತಿ. ಒರಿಯೊಳಗ ಅಂಗೈ ಎಲ್ಲಿಂದ ಬಂತ್ರಿ? ಸಾಕ್ಷಿ ತೋರಸ್ರಿ!”

“ಇಂಥ ಕೇಸಿನ್ಯಾಗ ಸಾಕ್ಷಿ ಕೋರ್ಟಿಗೆ ನಡಕೊಂಡು ಬರಾಂಗಿಲ್ಲ, ಸಾಬ್.”

ಹೀಗೆ ತೀರ್ಪಿಲ್ಲದೆ ಸಭೆ ಮುಗಿಯುತ್ತಿತ್ತು. ಒಳಗೆ ಅಕ್ಕಿ ಆರಿಸುತ್ತ ಕೂತ ನಾನು, ನಮ್ಮ ಬಂಧುವರ್ಗವನ್ನೆಲ್ಲ ಕುದುರೆ ಕಾಣುವವರು, ಕಾಣದವರು ಎಂದು ಎರಡು ಪಂಗಡಗಳಾಗಿ ವಿಂಗಡಿಸಿ ವಿನೋದಪಡುತ್ತಿದ್ದೆ. ಕುರುಗೋಡಿನಲ್ಲಿರುವ ನಮ್ಮ ಅತ್ತೆಯವರದು ಎದ್ದು ಕಾಣುವ ಕುದುರೆ. ಅದು ಏಳುವ ಮೊದಲೇ ನಾವು ದಾರಿ ಬಿಟ್ಟು ನಿಲ್ಲಬಹುದಿತ್ತು. ನಾನೋ, ಕಾನ್ವೆಂಟಿನ ವಿನಯಕ್ಕೆ ಕೀರ್ತಿ ಪಡೆದವಳು. ಹತ್ತು ದಿನ ನಗುನಗುತ್ತಲೇ ಇದ್ದು ಹನ್ನೊಂದನೆಯ ದಿನ ಬೇಳೆಯ ಪಾತ್ರೆಯೊಂದನ್ನು ನೆಲಕ್ಕೆ ಕುಕ್ಕಿದಾಗ, “ಇಕೀಗೇನಾತು ಒಮ್ಮಿಗೇ?” ಎಂದು ಇವರು ಕಕ್ಕಾಬಿಕ್ಕಿಯಾಗುತ್ತಿದ್ದರು. ಒಮ್ಮೆಗೇ ಆದದ್ದಲ್ಲವೆಂಬುದು ಪಾತ್ರೆಗೆ ಗೊತ್ತಿತ್ತು.

ಇವರ ವಾದ ನನ್ನನ್ನೂ ಒಲಿಸಿಕೊಂಡಿತ್ತು ಎಂಬುದನ್ನು ಮುಚ್ಚಿಡಲಾರೆ. ನಾಲ್ಕು ವರ್ಷದ ನಮ್ಮ ನೀಲಾಳಿಗೆ ತಂದೆಯನ್ನು ಕಂಡ ಕೂಡಲೇ ಓಡಿಹೋಗಿ ಮೈಯೇರುವ ಅಭ್ಯಾಸ. ಆ ಒರೆಯ ಮೇಲೆ ಮೊಣಕಾಲೂರಿಯೇ ಅವಳು ಹತ್ತುತ್ತಿದ್ದಳು. ಆದರೂ ಅಂಗೈ ಒತ್ತದೆ ಏನೂ ಆಗದೆಂಬ ಧೈರ್ಯದಲ್ಲಿ ನಾನು ಸುಮ್ಮನಿದ್ದೆ. ಅಷ್ಟೇ ಅಲ್ಲ, ಒಂದು ದಿನ ಒರೆ ಬಿಸಿಲಿಗೆ ಒಣಗಿ ಸೊಟ್ಟಗಾಗುತ್ತಿರುವುದನ್ನು ಕಂಡು ಕರುಳು ಚುರ್ರೆಂದು, ಪಿಸ್ತೂಲನ್ನು ಇವರು ಬೀರುವಿನಲ್ಲಿಟ್ಟಿದ್ದಾಗ ಒರೆಗೆ ಒಳಗೂ ಹೊರಗೂ ಹರಳೆಣ್ಣೆ ಉಣಿಸಿದೆ. ಮರುದಿನ ಮತ್ತೊಮ್ಮೆ. ತೊಗಲು ಎಣ್ಣೆ ಕುಡಿದು, ಬೆಂಕಿಗೆ ಬಾಡಿಸಿದ ಬಾಳೆಯೆಲೆಯಂತೆ ಹೇಳಿದತ್ತ ಬಾಗಿತು. ಸಿಸ್ಟರು ನೋಡಿದ್ದರೆ ಮೆಚ್ಚುತ್ತಿದ್ದರೆಂದು ಬೀಗಿದೆ.

ಆಮೇಲೆ ಅತ್ತೆಯವರನ್ನು ನೋಡಲು ಮೂವರೂ ಬಂಡಿಯಲ್ಲಿ ಕುರುಗೋಡಿಗೆ ಹೋಗಿದ್ದೆವು. ಅಲ್ಲಿಂದ ಬಾದನಹಟ್ಟಿಗೆ ಒಂದು ಮದುವೆಗೆ ಹೋಗುವಾಗ ಬಂಡಿಯ ಕುಲುಕಾಟದಲ್ಲಿ ಸೊಂಟಕ್ಕೆ ಒತ್ತುತ್ತದೆಂದು ಇವರು ಪಿಸ್ತೂಲನ್ನು ತೆಗೆದು ಪಕ್ಕಕ್ಕಿಟ್ಟುಕೊಂಡರು. ಊರು ಹತ್ತಿರವಾದಾಗ, ತೊಡೆಯ ಮೇಲೆ ನಿದ್ದೆ ಹೋಗಿದ್ದ ನೀಲಾಳನ್ನು ಎಡಗೈಯಲ್ಲಿ ಸಂಭಾಳಿಸುತ್ತ, ಬಲಗೈಯಿಂದ ಅದನ್ನು ಮತ್ತೆ ಒರೆಯೊಳಕ್ಕೆ ತುರುಕಿದರು. ನಾನು ನೋಡುತ್ತಲೇ ಇದ್ದೆ. ನೋಡುವುದಕ್ಕೂ ಕಾಣುವುದಕ್ಕೂ ನಡುವೆ ಮೂರು ದಿನಗಳ ಅಂತರವಿರುತ್ತದೆಂದು ಆಗ ನನಗೆ ತಿಳಿದಿರಲಿಲ್ಲ.

ಮದುವೆ ಮುಗಿಸಿ ಬಳ್ಳಾರಿಗೆ ಬಂದೆವು; ಬಂಡಿಯ ಆ ಪಯಣ ಕಳೆದು ಮೂರನೆಯ ದಿನ ಶನಿವಾರ. ಧೂಳು ಒರೆಸಲೆಂದು ಖಾಲಿ ಒರೆಯನ್ನು ಕೈಗೆತ್ತಿಕೊಂಡು, ಹಳೆಯ ಅಭ್ಯಾಸದಂತೆ ಅದರ ಬಾಯಿಯನ್ನು ಅಗಲಿಸಿ ಒಳಮೈ ನೋಡಿದೆ. ಅಂಚಿನ ತೊಗಲು ಮೆತ್ತಗಾಗಿ ಒಳಕ್ಕೆ ಮಡಚಿಕೊಂಡಿತ್ತು. ಮಡಿಕೆಯ ತುದಿಯಲ್ಲಿ ಉಗುರಿನಷ್ಟಗಲದ, ಬಿದಿಗೆಯ ಚಂದ್ರನಂತೆ ಬಾಗಿದ ಒಂದು ಹೊಳಪಾದ ಗುರುತು. ಯಾವುದೋ ಕಬ್ಬಿಣ ಅಲ್ಲಿ ಹಲವು ಸಲ ಒತ್ತಿದ್ದರೆ ಮಾತ್ರ ಬೀಳುವ ಗುರುತು. ಆ ಪಿಸ್ತೂಲಿನಲ್ಲಿ ಹಾಗೆ ಬಾಗಿದ್ದದ್ದು ಒಂದೇ ವಸ್ತು: ಟ್ರಿಗರ್. ಬೆರಳು ಹೋಗಬೇಕಾದ ಜಾಗಕ್ಕೆ ನಾನು ಎಣ್ಣೆಯುಣಿಸಿ ಸಾಕಿದ ತೊಗಲು ಹೋಗಿ ಕೂರುತ್ತಿತ್ತು. ಆಗ ಬಂಡಿಯಲ್ಲಿ ಕಂಡ ಇವರ ಬಲಗೈ ಕಣ್ಣಮುಂದೆ ಬಂತು. ಒರೆಯೊಳಗೆ ಅಂಗೈ ಎಲ್ಲಿಂದ ಬರಬೇಕು? ಒರೆಗೆ ಸೇರಿಸುವಾಗ ಬರುತ್ತದೆ. ಒಳಕ್ಕೆ ದೂಡುವ ಅಂಗೈ ಹಿಂದಿನ ಪಟ್ಟಿಯನ್ನು ಭದ್ರವಾಗಿ ಒತ್ತಿಯೇ ದೂಡುತ್ತದೆ. ಇದುವರೆಗೆ ಟ್ರಿಗರ್ ಪೂರ್ತಿ ಹಿಂದಕ್ಕೆ ಸರಿಯದೆ ಉಳಿದದ್ದು ನಮ್ಮ ಪುಣ್ಯ.

ಸೋಮವಾರ ಇವರು ರಾರಾವಿಗೆ ಹೊರಡುವವರಿದ್ದರು. ಒರೆಯನ್ನು ಹಿತ್ತಲಲ್ಲಿ ಹೂತುಬಿಟ್ಟು ಕಳೆದುಹೋಯಿತೆನ್ನಲೇ ಎಂಬ ಯೋಚನೆಯೂ ಬಂತೆಂದರೆ, ನನ್ನ ಸದ್ಗುಣಗಳ ಬಗ್ಗೆ ನಿಮಗೇನಾದರೂ ಭ್ರಮೆಯಿದ್ದರೆ ಅದು ಇಲ್ಲಿಗೆ ಹರಿಯಲಿ.

ಭಾನುವಾರ ಸಭೆ ಸೇರಿತು. ನಾನು ಕಾಫಿಯ ಲೋಟಗಳನ್ನಿಟ್ಟು ಒಳಗೆ ಹೋಗದೆ ಅಲ್ಲಿಯೇ ನಿಂತೆ.

“ಏನು, ಸಕ್ರಿ ಮರತಿಯೇನು?” ಎಂದರು ಇವರು.

“ಸಕ್ರಿ ಹಾಕೀನಿ. ಒರಿಗೆ ಎಣ್ಣೀನೂ ನಾನs ಹಾಕೀನಿ. ಅದರಿಂದ ತಪ್ಪಾಗೇತಿ. ಪಿಸ್ತೂಲಿನ ಗುಂಡು ತಗದು, ದಿನಾ ಇಡೋ ಹಂಗ ಒಮ್ಮಿ ಅದರಾಗ ಇಟ್ಟು ನೋಡ್ರಿ.”

ಸುಬೇದಾರರು ನನ್ನ ಮುಖವನ್ನೊಮ್ಮೆ ನೋಡಿ ಪಿಸ್ತೂಲು ಇಸಿದುಕೊಂಡರು. ಗೋಡೆಯ ಕಡೆ ತಿರುಗಿ ಗುಂಡುಗಳನ್ನೆಲ್ಲ ತೆಗೆದು, ಗೂಡಿನೊಳಗೆ ಕಿರುಬೆರಳಾಡಿಸಿ ನೋಡಿ, ಕವಚವನ್ನು ಎಳೆದುಬಿಟ್ಟು ಸ್ಪ್ರಿಂಗು ಬಿಗಿಸಿ ಇವರ ಕೈಗೆ ಕೊಟ್ಟರು. ಇವರು ಒರೆಯನ್ನು ಸೊಂಟಕ್ಕೆ ಕಟ್ಟಿ, ಕಣ್ಣಿಟ್ಟು ನೋಡುತ್ತ, ದೇವರ ಮನೆಯಲ್ಲಿ ವಿಗ್ರಹ ಇಡುವಷ್ಟು ಜೋಪಾನವಾಗಿ ಪಿಸ್ತೂಲನ್ನು ಇಳಿಬಿಟ್ಟರು. ಏನೂ ಆಗಲಿಲ್ಲ. ಕೇಸು ಗೆದ್ದ ನಗೆ ಅವರ ಮೀಸೆಯಡಿಯಲ್ಲಿ ಆಗಲೇ ಅರಳತೊಡಗಿತ್ತು.

“ಹಂಗಲ್ರಿ” ಎಂದೆ. “ಈಗ ನೀವು ನೋಡಿ ಇಟ್ರಿ. ದಿನಾ ಎಲ್ಲಿ ನೋಡ್ತೀರಿ? ಹೊತ್ತಾತು ಹೊತ್ತಾತು ಅನಕೋಂತ, ಮಾರಿ ಬಾಗಲಾ ಕಡಿ ಇಟ್ಟು ತುರುಕ್ತೀರಿ.”

“ಬರೋಬ್ಬರಿ” ಎಂದರು ಸುಬೇದಾರರು. “ಹೊತ್ತಾತು ಅನ್ರಿ, ಸಾಬ್.”

ಇವರು ಸ್ವಲ್ಪ ನಾಚಿಕೆಯಿಂದಲೇ ಬಾಗಿಲ ಕಡೆ ಮುಖ ಮಾಡಿ, “ಹೊತ್ತಾತು” ಎನ್ನುತ್ತ ಪಿಸ್ತೂಲನ್ನು ಒಳಕ್ಕೆ ದೂಡಿದರು.

ಟಕ್.

ಎಷ್ಟು ಸಣ್ಣ ಸದ್ದೆಂದರೆ, ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸಿದರೂ ಅದಕ್ಕಿಂತ ಜೋರಾಗಿ ಕೇಳುತ್ತದೆ. ಇವರು ನಿಂತಲ್ಲೇ ನಿಂತು, ನಳಿಗೆಯ ಮೂತಿ ಯಾವ ಕಡೆಗಿದೆಯೆಂದು ತಮ್ಮ ತೊಡೆಯನ್ನೇ ನೋಡಿಕೊಂಡರು. ಆ ತೊಡೆಯ ಮೇಲೆ ಮೊನ್ನೆ ಯಾರು ಮಲಗಿದ್ದರೆಂದು ನಾನು ನೆನಪಿಸಬೇಕಾಗಿರಲಿಲ್ಲ. ಮೆಟ್ಟಿಲ ಮೇಲೆ ಹುಣಿಸೆಬೀಜ ಆಡುತ್ತಿದ್ದ ನೀಲಾ ತಲೆಯೆತ್ತಿ, “ಅಪ್ಪಾ, ಇನ್ನೊಮ್ಮಿ ಟಕ್ ಅನಸು” ಎಂದಳು.

ಯಾರೂ ಅನಿಸಲಿಲ್ಲ. ಕಾಫಿ ತಣ್ಣಗಾಯಿತು. ಸುಬೇದಾರರು, “ಬೇಟಿ, ಫೌಜಿನ್ಯಾಗ ಆಗಿದ್ರ ಎಣ್ಣಿ ಹಚ್ಚಿದ್ದಕ್ಕ ನಿನಗ ಸಜಾ, ಬಾಯಿಬಿಟ್ಟು ಹೇಳಿದ್ದಕ್ಕ ಇನಾಮು” ಎಂದರು. ಇವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಇಬ್ಬರು ಪಂಡಿತರೂ ತಿಂಗಳುಗಟ್ಟಲೆ ಉಕ್ಕಿನ ಒಳಗಡೆಯ ಕಟ್ಟುಗಳನ್ನೇ ಚರ್ಚಿಸಿದ್ದರು. ಅದನ್ನು ಹೊದ್ದ ತೊಗಲೂ ಅದನ್ನು ಹಿಡಿದ ಕೈಯೂ ಯಂತ್ರದ ಭಾಗಗಳೇ ಎಂಬುದು ಅವರಿಗಾಗಲೀ ನನಗಾಗಲೀ ಹೊಳೆದಿರಲಿಲ್ಲ.

ಅಂದೇ ಮಧ್ಯಾಹ್ನ ಕೌಲ್ ಬಜಾರಿನ ಓಬಳಪ್ಪನ ತೊಗಲಿನಂಗಡಿಗೆ ನಾನೂ ಹೋದೆ. ಆತ ಒರೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನಕ್ಕ. “ಏನ್ರಿ ಅಮ್ಮಾರ, ಇದನ್ನೇನು ಬಾಣಂತಿ ಅಂತ ತಿಳದ್ರೇನು, ಹಿಂಗ ಎಣ್ಣಿ ತಿಕ್ಕೀರಿ? ಕಾಲಾಗಿನ ಜೋಡು ಮೆತ್ತಗಿರಲಿ. ಇದು ಹಲಿಗಿ ಹಂಗ ನಿಂದರಬೇಕ್ರಿ.” ಸಂಜೆಯೊಳಗೆ ದಪ್ಪ ಎಮ್ಮೆತೊಗಲಿನ, ಬಾಯಿ ಒಳಕ್ಕೆ ಮಡಚಿಕೊಳ್ಳದ ಹೊಸ ಒರೆ ಸಿದ್ಧವಾಯಿತು. ಅದಷ್ಟೇ ಸಾಲದೆಂದು ಸುಬೇದಾರರು ಹಟ ಹಿಡಿದರು: ಇನ್ನು ಮೇಲೆ ಗೂಡಿನಲ್ಲಿ ಗುಂಡಿರಕೂಡದು, ಬೇಕಾದಾಗ ಕವಚ ಎಳೆದುಕೊಂಡರಾಯಿತು. “ಆ ಹೊತ್ತಿಗೆ ತಡ ಆದ್ರ?” ಎಂದು ಇವರು ಕೊನೆಯ ಪ್ರಶ್ನೆ ಹಾಕಿದರು. “ಆದ್ರ ಆಗಲಿ. ಅಲ್ಲಿ ತಡ ಆದ್ರ ನಿಮಗೊಬ್ಬರಿಗೆ ಅಪಾಯ, ಸಾಬ್” ಎಂದು ಸುಬೇದಾರರು ನೀಲಾ ಕೂತಿದ್ದ ಮೆಟ್ಟಿಲ ಕಡೆ ನೋಡಿದರು. ವಕೀಲರು ವಾದ ಕೈಬಿಟ್ಟದ್ದನ್ನು ನಾನು ಮೊದಲ ಸಲ ಕಂಡೆ.

ಸೋಮವಾರ ಹೋದವರು ಬುಧವಾರ ದೀಪ ಹಚ್ಚುವ ಹೊತ್ತಿಗೆ ಸಿರುಗುಪ್ಪದ ಬಸ್ಸಿನ ಧೂಳು ಹೊತ್ತು ಬಂದರು. “ಅಪ್ಪಾ!” ಎಂದು ನೀಲಾ ಬಾಣದಂತೆ ನುಗ್ಗಿದಳು. ನನಗೇ ತಿಳಿಯದಂತೆ ನನ್ನ ಕೈ ಅವಳ ಅಂಗಿಯ ಬೆನ್ನನ್ನು ಹಿಡಿದು ನಿಲ್ಲಿಸಿತು. ಇವರೂ ಮೆಟ್ಟಿಲ ಕೆಳಗೇ ನಿಂತರು. ಅಂಗಳದ ಗೋಡೆಯತ್ತ ತಿರುಗಿ ಪಿಸ್ತೂಲಿನ ಹಿಡಿಯೊಳಗಿದ್ದ ಗುಂಡಿನ ಡಬ್ಬಿಯನ್ನು ಹೊರತೆಗೆದು, ಕವಚವನ್ನು ಹಿಂದಕ್ಕೆಳೆದು ಹಿಡಿದು, ಬಾ ಎನ್ನುವಂತೆ ನನ್ನ ಕಡೆ ತಲೆಯಾಡಿಸಿದರು. ಕಕ್ಷಿಗಾರರ ಒಂದು ಕಾಗದವನ್ನೂ ನನಗೆ ಎಂದೂ ತೋರಿಸದ ಮನುಷ್ಯ.

“ನೋಡು” ಎಂದರು.

“ನೀವು ನೋಡಿದ್ರಲ್ಲ?”

“ಮೊದಲೂ ನಾನs ನೋಡ್ತಿದ್ದೆ. ನೀ ನೋಡು.”

ನಾನು ನೀಲಾಳನ್ನು ಬಿಡದೆಯೇ ದೀಪವನ್ನೆತ್ತಿ ಹಿಡಿದು ಬಗ್ಗಿದೆ. ಗೂಡಿನಲ್ಲಿ ಸ್ವಲ್ಪ ಕತ್ತಲೆಯ ಹೊರತು ಮತ್ತೇನೂ ಇರಲಿಲ್ಲ. ಮತ್ತೊಮ್ಮೆ ನೋಡಿದೆ. ಇವರು ಅವಸರ ಮಾಡಲಿಲ್ಲ.

“ಖಾಲಿ ಐತಿ” ಎಂದೆ, ಅಂಗಿ ಹಿಡಿದ ಕೈಯನ್ನು ಸಡಿಲಿಸಿದೆ.