ಹಿಮ ಕರಗಿಸಿ ಮಿಂದದ್ದು

ಮೊನ್ನೆ ನಮ್ಮ ಮನೆಯ ಫ್ರಿಜ್ಜಿನೊಳಗೆ ಹಿಮ ಕಟ್ಟಿತ್ತು. ಅಕ್ಕನ ಮಗಳು ಸರಸು ಅದನ್ನು ಮರದ ಸೌಟಿನಿಂದ ಕೆರೆದು ಬಕೆಟ್ಟಿಗೆ ತುಂಬುತ್ತಿದ್ದಳು. ಅದರ ವಾಸನೆ ಮೂಗಿಗೆ ಬಡಿಯಿತು. ಹಿಮಕ್ಕೆಂಥ ವಾಸನೆ ಎನ್ನುತ್ತೀರಾ? ಇದೆ, ಸ್ವಾಮಿ. ಒಂದು ಚಳಿಗಾಲ ಅದರೊಳಗೆ ಕೂತು ಬನ್ನಿ, ಆಮೇಲೆ ನನ್ನ ಹತ್ತಿರ ವಾದ ಮಾಡಿ.

ಅರವತ್ತರ ದಶಕದಲ್ಲಿ ನಾನು ಕೆನಡಾದ ಒಂದು ಪುಟ್ಟ ಊರಿನಲ್ಲಿ ಲೆಕ್ಕದ ಮೇಡಂ ಆಗಿದ್ದೆ. ಮಂಡಿ ಮೊಹಲ್ಲಾದ ಹೆಣ್ಣಿಗೆ ಅಷ್ಟು ದೂರದ ಕೆಲಸ ಯಾಕೆ ಎಂದು ನೆಂಟರೆಲ್ಲ ಮೂಗು ಮುರಿದರು. ಹಟ ಹಿಡಿದು ಕಳಿಸಿದವಳು ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳೂ ಅವಳೇ. ಶುಕ್ರವಾರ ಬಂತೆಂದರೆ ತಲೆಗೆ ಎಣ್ಣೆ ತಿಕ್ಕಿ, ಹಂಡೆ ಬರಿದಾಗುವ ತನಕ ಬಿಸಿನೀರು ಹೊಯ್ಯುತ್ತಿದ್ದಳು. ಕೊನೆಯ ಚೊಂಬನ್ನು ನನ್ನ ತಲೆಯ ಸುತ್ತ ಸುಳಿಸಿ, "ನೂರು ವರ್ಷ ಬಾಳು" ಎಂದು ಹೊಯ್ಯಬೇಕು. ನಾನು ಮೇಡಂ ಆದ ಮೇಲೂ ಇದು ತಪ್ಪಲಿಲ್ಲ.

"ನಂಗೇನು ಕೈಯಿಲ್ವಾ ಅಕ್ಕಾ?" ಎಂದರೆ, "ಬಾಯ್ಮುಚ್ಕೊಂಡು ಕೂತ್ಕೊಳೇ, ಸೀಗೇಪುಡಿ ಕಣ್ಣಿಗೆ ಹೋದಾತು" ಎಂದು ಗದರುವಳು.

ಕೆನಡಾದಲ್ಲಿ ಮೊದಲ ಸಲ ಹಿಮ ಸುರಿದ ಬೆಳಗ್ಗೆ ನಾನು ಸೀರೆಯ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹೊದ್ದು, ಬಿದ್ದೆದ್ದು ಶಾಲೆ ಮುಟ್ಟಿದೆ. ಬಾಗಿಲಿಗೆ ಬೀಗ! ನಮ್ಮೂರಲ್ಲಿ ರಜೆಯೆಂದರೆ ಜವಾನ ಸುತ್ತೋಲೆ ಹಿಡಿದು ಕ್ಲಾಸಿಗೆ ಬರಬೇಕು. ಅಲ್ಲಿ ರೇಡಿಯೋ ಹೇಳುತ್ತದೆಂದು ನನಗೇನು ಗೊತ್ತು? ಆಕಾಶದಿಂದ ರಜೆ ಬೀಳುವ ಊರಿದು ಎಂದು ಅಕ್ಕನಿಗೆ ಬರೆದೆ. "ಪುಣ್ಯವಂತೆ ಕಣೇ ನೀನು" ಎಂದು ಉತ್ತರ ಬಂತು.

ಮರುವರ್ಷದ ಚಳಿಗಾಲದಲ್ಲಿ ಭಾವನ ತಂತಿ ಬಂತು. ಅಕ್ಕನಿಗೆ ಹುಷಾರಿಲ್ಲ, ಕೂಡಲೇ ಹೊರಡು. ಬರುವ ದಿನ ತಿಳಿಸಿ ಮರುತಂತಿ ಕೊಟ್ಟು, ಪೆಟ್ಟಿಗೆ ಕಟ್ಟಿದೆ. ಹೊರಡುವ ಹಿಂದಿನ ಸಂಜೆ ಹಿಮ ಶುರುವಾಯಿತು. ಶಾಲೆ ಮುಚ್ಚಿತು, ರಸ್ತೆ ಮುಚ್ಚಿತು, ವಿಮಾನ ನಿಂತಿತು, ಟೆಲಿಫೋನ್ ತಂತಿಯೂ ಕಡಿಯಿತು. ಕೋಟು ತೊಟ್ಟು ಕಿಟಕಿಯ ಬಳಿ ಕೂತೆ. ಹೊರಗೆ ನನ್ನ ಕ್ಲಾಸಿನ ಮಕ್ಕಳೇ ರಜೆ ಸಿಕ್ಕಿತೆಂದು ಕೇಕೆ ಹಾಕುತ್ತ ಜಾರುಬಂಡೆ ಆಡುತ್ತಿದ್ದವು. ಅಯ್ಯೋ, ಆ ಮಕ್ಕಳ ಮೇಲೆ ನನಗೆ ಎಂಥ ಸಿಟ್ಟು ಬಂದಿತ್ತು! ಮನೆಯೊಡತಿ ಮುದುಕಿ ಪ್ರತಿದಿನವೂ, "ನಾಳೆ ದಾರಿ ತೆಗೆಯುತ್ತಾರೆ" ಎನ್ನುತ್ತಿದ್ದಳು.

ಫೋನು ರಿಪೇರಿಯಾದ ಮೇಲೆ ಬಂದ ಮೊದಲ ಕರೆಯೇ ಅದು. ಅಕ್ಕ ಹೋಗಿಬಿಟ್ಟಿದ್ದಳು.

ಸಾವಿನ ಸುದ್ದಿ ಕೇಳಿದ ಕೂಡಲೇ ತಲೆಗೆ ತಣ್ಣೀರು ಹಾಕಿಕೊಳ್ಳಬೇಕು, ಅದು ನಮ್ಮ ಪದ್ಧತಿ. ನಲ್ಲಿ ತಿರುಗಿಸಿದರೆ ಹನಿಯಿಲ್ಲ, ಕೊಳವೆಯೊಳಗೇ ನೀರು ಗಟ್ಟಿಯಾಗಿತ್ತು. ಬಕೆಟ್ ಹಿಡಿದು ಹೊರಗೆ ಹೋಗಿ ಹಿಮ ತುಂಬಿಕೊಂಡು ಬಂದೆ. ಒಲೆಯ ಮೇಲಿಟ್ಟೆ. ಅಷ್ಟೂ ಕರಗಿದರೆ ಒಂದು ಚೊಂಬಿನಷ್ಟು ನೀರು! ಮತ್ತೆ ಹೋದೆ, ಮತ್ತೆ ತಂದೆ. "ಈ ಚಳಿಯಲ್ಲಿ ಸ್ನಾನವೇ? ನಿನಗೆ ತಲೆ ಕೆಟ್ಟಿದೆಯಾ?" ಎಂದು ಕೂಗಾಡಿದ ಮುದುಕಿ ನನ್ನ ಮುಖ ನೋಡಿದವಳೇ ತಾನೂ ಒಂದು ಪಾತ್ರೆ ಹಿಡಿದು ಹಿಮಕ್ಕಿಳಿದಳು. ಕರಗಿದೊಡನೆ ಇಳಿಸಿ, ನಡುಗುತ್ತ ಹೊಯ್ದುಕೊಂಡೆ. ಕೊನೆಯ ಚೊಂಬು ಕೈಗೆ ಬಂದಾಗ ನನ್ನಿಂದಾಗಲಿಲ್ಲ. ಅದನ್ನು ಹಿಡಿದುಕೊಂಡು ಅಲ್ಲೇ ಕೂತು ಅತ್ತೆ.

ಇದನ್ನೆಲ್ಲ ಸರಸುವಿಗೆ ನಾನು ಹೇಳಿದ್ದು ಮೊನ್ನೆಯೇ. ಅವಳು ಸೌಟು ಕೆಳಗಿಟ್ಟಳು.

"ಅಮ್ಮ ನಿಮಗೆ ಅಂತ ನೀರು ಕಾಯ್ಸಿಡ್ಸಿದ್ಲು ಚಿಕ್ಕಮ್ಮ" ಎಂದಳು. "ಎದ್ದು ಕೂರೋಕೂ ಆಗ್ತಿರ್ಲಿಲ್ಲ. ಆದ್ರೂ ಮಲ್ಗಿದ್ದ ಕಡೆಯಿಂದಾನೇ, 'ಚಳಿ ದೇಶದಿಂದ ಬರ್ತಾಳೆ, ಹಂಡೆ ಒಲೆ ಆರೋಕೆ ಬಿಡ್ಬೇಡ ಕಣೇ' ಅಂತ ನಂಗೆ ಹೇಳ್ತಾನೇ ಇದ್ಲು."

"ಆಮೇಲೆ?"

"ನೀವು ಬರ್ಲಿಲ್ವಲ್ಲ. ದೊಡ್ಡೋರೆಲ್ಲ ತಣ್ಣೀರೇ ಸಾಕು ಅಂದ್ರು, ನಾನು ಕೇಳ್ಲಿಲ್ಲ. ಆ ಬಿಸಿನೀರಲ್ಲೇ ಅಮ್ಮಂಗೆ ಕೊನೇ ಸ್ನಾನ ಮಾಡಿಸ್ದೆ."

ಇಷ್ಟು ವರ್ಷ ಹಿಮವನ್ನು ಬೈದುಕೊಂಡೇ ದಿನ ನೂಕಿದ್ದೆ. ಈಗ ಬೈಯಲೂ ತ್ರಾಣವಿಲ್ಲ.

ಇವತ್ತು ಶುಕ್ರವಾರ. ತಲೆಗೆ ಎಣ್ಣೆ ಹಚ್ಚಿಕೊಂಡು ಆಗಿನಿಂದ ಇಲ್ಲೇ ಕೂತಿದ್ದೇನೆ. ಬಚ್ಚಲಿನಿಂದ ಸರಸು ಮತ್ತೆ ಕೂಗುತ್ತಿದ್ದಾಳೆ, "ಚಿಕ್ಕಮ್ಮ, ನೀರು ಕಾದಿದೆ, ಬನ್ನಿ."

ಏಳಲು ಆಗುತ್ತಿಲ್ಲ.