ಅತ್ತೆ ಸೊಸೆ ಹನುಮನಹಳ್ಳಿ ಬೆಟ್ಟದಲ್ಲಿ ಚಿತ್ರ ಕಲಿತದ್ದು

ನಾನೂ ನನ್ನ ಸೊಸೆ ನೀಲವ್ವನೂ ಕೊಪ್ಪಳದಲ್ಲಿ ಗಂಗಾವತಿಯ ಮೋಟಾರು ಹತ್ತಿದ್ದು ಮಾರ್ಗಶಿರದ ಒಂದು ಗುರುವಾರ ಬೆಳಿಗ್ಗೆ. ಯುದ್ಧದ ಕಾಲ, ಪೆಟ್ರೋಲಿಗೆ ಬರ. ಮೋಟಾರಿನ ಹಿಂಬದಿಗೆ ಹಂಡೆಯಂಥ ಒಲೆಯೊಂದನ್ನು ಕಟ್ಟಿ, ಇದ್ದಿಲು ಸುಟ್ಟು, ಅದರ ಗ್ಯಾಸಿನಿಂದ ಗಾಡಿ ಓಡಿಸುತ್ತಿದ್ದರು. ತಲೆಗೆ ನಿಜಾಮರ ಹಾಲಿ ಸಿಕ್ಕಾ ನಾಣ್ಯದಲ್ಲಿ ಹನ್ನೆರಡಾಣೆ. ಏರು ಬಂದಲ್ಲಿ ಗಂಡಸರೆಲ್ಲ ಇಳಿದು ನಡೆಯಬೇಕು. ಗಿಣಿಗೇರಿ ದಾಟುವಷ್ಟರಲ್ಲಿ ನಮ್ಮ ಸೀರೆಯ ಸೆರಗೆಲ್ಲ ಮಸಿಯಾಗಿತ್ತು.

ನೀಲವ್ವ ಬೇವೂರಿನವಳು. ನಮ್ಮ ಮನೆಗೆ ಬಂದು ಆರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಆ ಮಳೆಗಾಲದಲ್ಲಿ ಅವಳಿಗೆ ವಿಷಮಜ್ವರ ಬಂದಿತ್ತು. ಜ್ವರ ಬಿಟ್ಟರೂ ಊಟ ಸೇರುತ್ತಿರಲಿಲ್ಲ, ತಲೆಗೂದಲು ಹಿಡಿಹಿಡಿಯಾಗಿ ಉದುರುತ್ತಿತ್ತು. ಹವೆ ಬದಲಾದರೆ ಸುಧಾರಿಸಿಯಾಳು ಎಂದು ಡಾಕ್ಟರರು ಹೇಳಿದರು. ನನ್ನ ತವರು ಗದಗ. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದೂ ಅಲ್ಲಿಯೇ. ನಮ್ಮ ಓಣಿಯ ಗುಂಡೂರಾವ್ ಮಾಸ್ತರರು ಚಿತ್ರಕಲೆ ಕಲಿಸುವವರು. ಪ್ರತಿ ಚಳಿಗಾಲದಲ್ಲಿ ಅವರೂ ಅವರ ಹೆಂಡತಿ ರಮಾಬಾಯಿಯೂ ಹನುಮನಹಳ್ಳಿಯ ಬೆಟ್ಟದ ಮೇಲೆ ಎರಡು ವಾರ ತರಗತಿ ನಡೆಸುತ್ತಿದ್ದರು. ಬೆಟ್ಟದ ಗಾಳಿಯೂ ಆಯಿತು, ಪರಿಚಯದವರ ಜೊತೆಯೂ ಆಯಿತು ಎಂದು ನಾವು ಅಲ್ಲಿಗೆ ಹೊರಟೆವು. ಚಿತ್ರದ ವಿಚಾರ ನನ್ನ ತಲೆಯಲ್ಲಿರಲಿಲ್ಲ.

ತಲೆಯಲ್ಲಿ ಇದ್ದದ್ದು ಬೇರೆ. ನೀಲವ್ವ ಇನ್ನೂ ಹಾಸಿಗೆ ಹಿಡಿದಿದ್ದಾಗಲೇ ಕುಷ್ಟಗಿಯಿಂದ ನನ್ನ ಭಾವನವರು ಬಂದಿದ್ದರು. ಯಜಮಾನರು ತೀರಿಕೊಂಡ ಮೇಲೆ ನಮ್ಮ ಮನೆಯ ದೊಡ್ಡ ಮಾತುಗಳನ್ನು ಅವರ ಅಣ್ಣನಾದ ಇವರೇ ಆಡುತ್ತಿದ್ದರು. ನಿನ್ನ ಮಗ ಬಸವರಾಜನಿಗೆ ಇನ್ನೊಂದು ಮದುವೆ ಮಾಡೋಣ, ಯಲಬುರ್ಗಾದಲ್ಲಿ ಹುಡುಗಿಯನ್ನು ನೋಡಿದ್ದೇನೆ ಎಂದರು. ಮಗ "ಅವ್ವ ಹೇಳಿದಂಗ" ಎಂದು ಅಂಗಡಿಗೆ ಎದ್ದು ಹೋದ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಇವಳು ಸುಧಾರಿಸಲಿ, ಆಮೇಲೆ ನೋಡೋಣ ಎಂದು ಭಾವನವರೇ ಮಾತನ್ನು ಅಲ್ಲಿಗೆ ನಿಲ್ಲಿಸಿದ್ದರು.

ಗಂಗಾವತಿಯಲ್ಲಿ ಮೋಟಾರು ಇಳಿದಾಗ ಮಧ್ಯಾಹ್ನವಾಗಿತ್ತು. ಕಟ್ಟಿಕೊಂಡು ಬಂದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಬಿಚ್ಚಿ ಒಂದು ಬೇವಿನ ಮರದ ಕೆಳಗೆ ಉಂಡೆವು. ಅಲ್ಲಿಂದ ಎತ್ತಿನ ಗಾಡಿ. ಆನೆಗೊಂದಿಯ ಕಡೆ ತಿರುಗಿದ ಮೇಲೆ ನಮ್ಮ ಕಡೆಯ ಕರಿನೆಲ ಕಾಣೆಯಾಗಿ, ಒಂದು ಬದಿ ಬಂಡೆಗುಡ್ಡ, ಇನ್ನೊಂದು ಬದಿ ಕಾಲುವೆ ನೀರಿನ ಬತ್ತದ ಗದ್ದೆ, ಬಾಳೆಯ ತೋಟ. ಬೇವೂರಿನ ಜೋಳದ ಹೊಲಗಳನ್ನು ಕಂಡು ಬೆಳೆದ ನೀಲವ್ವ ಗದ್ದೆಯ ಹಸಿರನ್ನು ಸುಮ್ಮನೆ ನೋಡುತ್ತ ಕೂತಿದ್ದಳು. ಹನುಮನಹಳ್ಳಿ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು.

ಬೆಟ್ಟದ ಅರ್ಧ ಎತ್ತರದಲ್ಲಿ ಗಂಗಾವತಿಯ ಸಾವುಕಾರರೊಬ್ಬರು ಕಟ್ಟಿಸಿದ ಛತ್ರವಿದೆ. ನಾಲ್ಕು ಖೋಲಿ, ಮುಂದೆ ಕಲ್ಲುಕಂಬದ ಪಡಸಾಲೆ. ಅಲ್ಲಿ ನಿಂತರೆ ಕೆಳಗೆ ತುಂಗಭದ್ರೆ ಬಂಡೆಗಳ ನಡುವೆ ಹರಿಯುವುದೂ ಹರಗೋಲುಗಳು ದಾಟುವುದೂ ಕಾಣಿಸುತ್ತವೆ. ಗಂಡಸರಿಗೆ ಎರಡು ಖೋಲಿ, ನಮಗೂ ರಮಾಬಾಯಿಗೂ ಒಂದು, ಇನ್ನೊಂದರಲ್ಲಿ ಅಡುಗೆ. ಬಂದಿದ್ದ ಶಿಷ್ಯರೆಂದರೆ ಗಂಗಾವತಿಯ ಇಬ್ಬರು ಶಾಲಾ ಮಾಸ್ತರರು, ಮತ್ತು ತಹಶೀಲ ಕಚೇರಿಯ ಕೆಲಸದಿಂದ ನಿವೃತ್ತರಾದ ಒಬ್ಬ ಪೇಶಕಾರರು. ಈ ಪೇಶಕಾರರು ಸೂರ್ಯೋದಯವನ್ನು ಬಿಟ್ಟು ಬೇರೇನನ್ನೂ ಬರೆಯುತ್ತಿರಲಿಲ್ಲ. ಬಿಸಿಲೇರಿದ ಮೇಲೆ ಹೊದ್ದುಕೊಂಡು ಮಲಗುತ್ತಿದ್ದರು.

ಮರುದಿನ ನಾನು ಸೊಸೆಯ ಕಾವಲಿಗೆಂದು ಪಡಸಾಲೆಯಲ್ಲಿ ಕೂತಿದ್ದೆ. ಮಾಸ್ತರರು ನನ್ನ ತೊಡೆಯ ಮೇಲೂ ಒಂದು ಹಲಗೆ ಇಟ್ಟರು. ಕಾಗದವೂ ಸಿಗದ ಕಾಲ ಅದು. ನಮ್ಮ ಬಟ್ಟೆ ಅಂಗಡಿಯಲ್ಲಿ ಥಾನುಗಳಿಗೆ ಸುತ್ತಿ ಬರುವ ದಪ್ಪ ಕಾಗದವನ್ನು ತರಲು ಅವರು ಮೊದಲೇ ಹೇಳಿ ಕಳಿಸಿದ್ದರು. ಎಲ್ಲರೂ ಅದರ ಬೆನ್ನಿನ ಮೇಲೆಯೇ ಬರೆದೆವು.

"ನನಗ್ಯಾಕ ಮಾಸ್ತರ್ರ? ನಾ ರಂಗೋಲಿ ಬಿಟ್ಟು ಮತ್ತೊಂದು ಹಾಕಿದಾಕಿ ಅಲ್ಲ," ಎಂದೆ.

"ಸುಮ್ಮನ ಕೂಡೋದಕ್ಕಿಂತ ಛಲೋ ಅಲ್ಲೇನ್ರಿ ಅಕ್ಕಾರ? ಎದುರಿಗೆ ಆ ಬಂಡಿಗಲ್ಲು ಅದ ನೋಡ್ರಿ. ಅದರ ಅಂಚು ಬರೀಬ್ಯಾಡ್ರಿ. ನೆರಳು ಎಲ್ಲಿ ಕೂತದ, ಅಷ್ಟ ಬರೀರಿ," ಎಂದರು.

ಇದ್ದಿಲ ತುಂಡು ಹಿಡಿದು ಬರೆದೆ. ಬಂಡೆ ಹೋಗಿ ಸುಟ್ಟ ರೊಟ್ಟಿಯಾಯಿತು. ರಮಾಬಾಯಿ ನೋಡಿ ನಕ್ಕರು, ನಾನೂ ನಕ್ಕೆ. ನೀಲವ್ವ ನಗಲಿಲ್ಲ, ಅವಳು ತಲೆ ಎತ್ತದೆ ಬರೆಯುತ್ತಿದ್ದಳು. ಬೇವೂರಿನಲ್ಲಿ ಅವಳು ಗೋಡೆಗೆ ಸುಣ್ಣ ಕೆಮ್ಮಣ್ಣಿನ ಚಿತ್ತಾರ ಬರೆಯುತ್ತಿದ್ದಳಂತೆ. ಆರು ವರ್ಷದಲ್ಲಿ ನನಗೆ ತಿಳಿಯದ ಸಂಗತಿ ಅದು.

ದಿನಗಳು ಹಗುರಾಗಿ ಕಳೆದವು. ಬೆಳಿಗ್ಗೆ ಚಳಿಗಾಳಿ, ಬಿಸಿ ಬಿಸಿ ಉಪ್ಪಿಟ್ಟು, ಎಳೆ ಬಿಸಿಲಿನಲ್ಲಿ ಪಾಠ. ಮಾಸ್ತರರು ಒಂದು ದಿನ ನಮ್ಮನ್ನು ಬೆಟ್ಟದ ಓರೆಯಲ್ಲಿ ಸುತ್ತಾಡಿಸಿ, ಕೆಂಪು, ಹಳದಿ, ಬೂದು ಬಣ್ಣದ ಮಣ್ಣು ಆರಿಸಿ ತರಿಸಿದರು. ಅದನ್ನು ಅರೆದು, ಅರಿವೆಯಲ್ಲಿ ಸೋಸಿ, ಗೋಂದು ಕಲಸಿ ನಾವೇ ಬಣ್ಣ ಮಾಡಿಕೊಂಡೆವು. ಕೈತುಂಬ ಬಣ್ಣ ಮೆತ್ತಿಕೊಂಡು ಅರೆಯುವುದು ನನಗೆ ಬಹಳ ಹಿಡಿಸಿತು. ಗದ್ದೆಯ ಹಸಿರು ಮಾತ್ರ ಯಾವ ಮಣ್ಣಿನಿಂದಲೂ ಬರಲಿಲ್ಲ. ಅವರೆ ಎಲೆ ಹಿಂಡಿ ನೋಡಿದೆವು, ಒಣಗಿದ ಮೇಲೆ ಅದೂ ಕಂದಿತು. ಒಮ್ಮೆ ಕರಿಮುಖದ ಮುಸಿಯ ಕೋತಿಯೊಂದು ಪೇಶಕಾರರ ಸೂರ್ಯನನ್ನು ಎತ್ತಿಕೊಂಡು ಹೋಗಿ ಬಂಡೆಯ ಮೇಲೆ ಕೂತು ಹರಿದು ಹಾಕಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ, ನಾಳೆ ಇನ್ನೊಂದು ಹುಟ್ಟುತ್ತದೆ ಎಂದರು. ನೀಲವ್ವ ಎರಡು ಹೊತ್ತು ಅನ್ನ ಕೇಳಿ ಉಣ್ಣತೊಡಗಿದಳು.

ಎರಡನೆಯ ವಾರ ಮುಖ ಬರೆಯುವ ಪಾಠ. ಎದುರು ಬದುರು ಕೂತು ಒಬ್ಬರನ್ನೊಬ್ಬರು ಬರೆಯಬೇಕು. ಶಾಲಾ ಮಾಸ್ತರರಿಬ್ಬರೂ ಜೊತೆಯಾದರು. ನೀಲವ್ವನಿಗೆ ಉಳಿದವಳು ನಾನು.

ಮನೆಯಲ್ಲಿ ಅವಳು ನನ್ನೆದುರು ಮಾತಾಡುವಾಗ ನೆಲ ನೋಡಿಯೇ ಮಾತಾಡುವಳು. ನಾನೂ ನನ್ನ ಅತ್ತೆಯ ಮುಂದೆ ಹಾಗೆಯೇ ಇದ್ದವಳು. ಈಗ ರಮಾಬಾಯಿ ಅವಳ ಹಿಂದೆ ನಿಂತು, "ತಲಿ ಎತ್ತಿ ಕಣ್ಣು ನೋಡವಾ. ಕಣ್ಣು ಕೂತರ ಮುಖ ಕೂಡತದ," ಎಂದರು. ಅವಳು ತಲೆಯೆತ್ತಿ ನೋಡಿದಳು. ಬರೆದಳು, ಮತ್ತೆ ನೋಡಿದಳು. ನನಗೆ ಎದ್ದು ಹೋಗೋಣವೆನ್ನಿಸಿತು. ನೋಡುವವಳನ್ನು ನಾನೂ ನೋಡಬೇಕಾಯಿತು. ಜ್ವರದಲ್ಲಿ ಕೆನ್ನೆ ಇಳಿದು ಅವಳ ಕಣ್ಣು ದೊಡ್ಡವಾಗಿದ್ದವು. ಕಾವಲಿಗೆಂದು ದಿನವೂ ಜೊತೆಗಿದ್ದರೂ ಅದನ್ನು ನಾನು ಗಮನಿಸಿರಲಿಲ್ಲ.

ಬರೆದು ಮುಗಿಸಿ ಹಲಗೆಯನ್ನು ನನ್ನ ಕಡೆ ತಿರುಗಿಸಿದಳು. ಮೂಗು ಉದ್ದವಾಗಿತ್ತು, ಕಿವಿ ಸರಿಯಿರಲಿಲ್ಲ. ಆದರೆ ತುಟಿ ಬಿಗಿಹಿಡಿದು ಕೂತ ಆ ಮುದುಕಿ ನಾನೇ ಎಂಬುದರಲ್ಲಿ ಸಂಶಯವಿರಲಿಲ್ಲ.

"ನನ್ನ ಮುಖ ಇಷ್ಟು ಬಿಗಿ ಐತೇನು ನೀಲಾ?"

"ಮೊದಲ ಇದ್ದಿಲ್ರಿ," ಎಂದಳು. ಇದ್ದಿಲ ತುಂಡು ಕೆಳಗಿಟ್ಟು, "ಕುಷ್ಟಗಿ ದೊಡ್ಡ ಮಾವನವರು ಬಂದು ಹ್ವಾದ ಮ್ಯಾಲೆ ಹಿಂಗ ಐತ್ರಿ," ಎಂದಳು.

ರಮಾಬಾಯಿ ನೀರು ತರುವ ನೆವ ಮಾಡಿ ಒಳಗೆ ಹೋದರು.

"ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ನಾ ಒಳಗ ಮಲಗಿದ್ದೆ. ಅವರ ಮಾತು ಕೇಳಿಸ್ತು. ನಿಮ್ಮ ಮಗನ ಮಾತು ಕೇಳಿಸ್ತು. ನಿಮ್ಮ ಮಾತು ಕೇಳಿಸ್ಲಿಲ್ರಿ."

ನಾನು ಹಲಗೆ ತೆಗೆದುಕೊಂಡು ಅವಳ ಮುಖ ಬರೆಯಲು ಹೊರಟೆ. ನನ್ನ ಕೈಗೆ ಅದು ದಕ್ಕಲಿಲ್ಲ. ಬರೆದದ್ದನ್ನು ಒರೆಸಿ ಒರೆಸಿ ಕಾಗದ ತೂತಾಯಿತು. ಆದರೆ ಅಷ್ಟು ಹೊತ್ತೂ ಅವಳು ಕಣ್ಣು ಕೆಳಗೆ ಹಾಕದೆ ಕೂತಿದ್ದಳು.

ಇದಾದ ಮೂರನೆಯ ದಿನ ಭಾವನವರೇ ಬೆಟ್ಟ ಹತ್ತಿ ಬಂದರು. ಬತ್ತದ ವ್ಯಾಪಾರಕ್ಕೆ ಗಂಗಾವತಿಗೆ ಬಂದವರು, ನಾವಿಲ್ಲಿರುವುದು ಗೊತ್ತಿದ್ದರಿಂದ ಗಾಡಿ ಮಾಡಿಕೊಂಡು ಬಂದಿದ್ದರು. ಏದುಸಿರು ಬಿಡುತ್ತ ಪಡಸಾಲೆಯ ಕಟ್ಟೆಗೆ ಕೂತರು. ಗುಂಡೂರಾವ್ ಮಾಸ್ತರರು ಹೊಸ ಶಿಷ್ಯರೆಂದು ತಿಳಿದು ಅವರ ಮುಂದೂ ಹಲಗೆ, ಕಾಗದ ಇಟ್ಟರು. ಭಾವನವರು ಅದನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದರು.

"ತಂಗಿ, ಯಲಬುರ್ಗಾದವರು ಕಾಯಾಕ ಹತ್ಯಾರ. ಭಾಳ ದಿನ ಕಾಯಿಸಿದ್ರ ಆ ಹುಡುಗಿನ್ನ ಬ್ಯಾರೆ ಕಡಿ ಕೊಡ್ತಾರ. ಒಂದು ಮಾತು ಹೇಳಿಬಿಡು."

ನೀಲವ್ವ ಹತ್ತು ಮಾರು ದೂರದಲ್ಲಿ ಕೂತು ಬಾಳೆಯ ತೋಟಕ್ಕೆ ಬಣ್ಣ ಹಚ್ಚುತ್ತಿದ್ದಳು. ಕುಂಚ ನಿಂತದ್ದು ನನಗೆ ಕಾಣಿಸಿತು. ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡಿದೆ.

"ಬ್ಯಾಡ ಅಂತ ಹೇಳ್ರಿ ಭಾವನವರ."

"ಬ್ಯಾಡ? ನಾಳೆ ಮಕ್ಕಳು ಆಗದಿದ್ರ?"

"ಆಗದಿದ್ರ ಆಗಲಿಲ್ಲ. ಆ ಸಲುವಾಗಿ ಈಕಿನ್ನ ಮೂಲ್ಯಾಗ ಕುಂದ್ರಸಾಕ ನನಗ ಆಗಾಂಗಿಲ್ರಿ."

"ಬಸವರಾಜ ಒಪ್ಪತಾನೇನು?"

"ಅವ್ವ ಹೇಳಿದಂಗ ಅಂದಾನಲ್ರಿ. ಅವ್ವ ಹೇಳ್ಯಾಳ."

ಭಾವನವರು ರುಮಾಲು ತೆಗೆದು ಬೆವರು ಒರೆಸಿಕೊಂಡರು. ರಮಾಬಾಯಿ ಊಟಕ್ಕೆ ಏಳಿರೆಂದರು. ಎದ್ದು ಬಂದು ಉಂಡರು, ಮಜ್ಜಿಗೆ ಎರಡು ಸಲ ಹಾಕಿಸಿಕೊಂಡರು, ಇಳಿದು ಹೋದರು. ಆ ಯುಗಾದಿಗೆ ಅವರು ನಮ್ಮ ಮನೆಗೆ ಬರಲಿಲ್ಲ. ಮುಂದಿನ ಯುಗಾದಿಗೂ ಬರಲಿಲ್ಲ.

ನೀಲವ್ವ ಆ ದಿನ ಸಂಜೆಯವರೆಗೆ ಬಾಳೆಯ ತೋಟವನ್ನೇ ಬರೆದಳು. ಮಾಸ್ತರರು ನೋಡಿ, ಎಲೆ ಬಹಳ ಬರೆದಿದ್ದೀಯ, ಗಾಳಿ ಎಲ್ಲಿ ಎಂದು ಕೇಳಿದರು. ಅವಳು ಮರುದಿನ ಅದನ್ನು ಮತ್ತೆ ಮೊದಲಿನಿಂದ ಬರೆದಳು.

ಕೊನೆಯ ದಿನ ಎಲ್ಲರ ಚಿತ್ರಗಳನ್ನೂ ಪಡಸಾಲೆಯಲ್ಲಿ ಸಾಲಾಗಿ ಹರವಿ, ಗಾಳಿಗೆ ಹಾರದಂತೆ ಕಲ್ಲು ಹೇರಿದರು. ಕೆಳಗಿನ ಊರಿನವರು ಬಂದು ನೋಡಿದರು. ತಮ್ಮ ಗದ್ದೆಯನ್ನು ಗುರುತಿಸಿದ ಒಬ್ಬಾಕೆ, ಬದುವಿನ ಮರ ಎಲ್ಲಿ ಹೋಯಿತೆಂದು ನನ್ನನ್ನು ಕೇಳಿದಳು. ನನಗೆ ಮರ ಬರೆಯಲು ಬರುವುದಿಲ್ಲವೆಂದು ನಿಜವನ್ನೇ ಹೇಳಿದೆ.

ಹೊರಟ ಬೆಳಿಗ್ಗೆ ಮಂಜು ಕವಿದಿತ್ತು. ಗಾಡಿಯಲ್ಲಿ ಗಂಗಾವತಿಗೆ, ಅಲ್ಲಿಂದ ಅದೇ ಇದ್ದಿಲಿನ ಮೋಟಾರು. ದಾರಿಯಲ್ಲಿ ಒಲೆ ಆರಿತೆಂದು ಗಾಡಿ ನಿಲ್ಲಿಸಿ ಮತ್ತೆ ಊದತೊಡಗಿದರು. ನಾವು ಇಳಿದು ಹುಣಸೆಯ ನೆರಳಿಗೆ ನಿಂತೆವು. ಆಗ ನೀಲವ್ವ, "ದೊಡ್ಡ ಮಾವನವರಿಗೆ ಹೇಳಿದ್ದನ್ನ ಕೊಪ್ಪಳದಾಗ ಹೇಳಿದ್ರ ಆಗತಿತ್ತಲ್ರಿ ಅತ್ತಿಯವರ. ಅಷ್ಟು ದಿನ ನನಗೂ ನಿದ್ದಿ ಹತ್ತತಿತ್ತು," ಎಂದಳು. ಸಿಟ್ಟಿನಿಂದ ಹೇಳಿದ ಮಾತಾಗಿರಲಿಲ್ಲ. ಹೌದು ಎಂದೆ. ಮೋಟಾರಿನವನು ಕರೆದ, ಹತ್ತಿ ಕೂತೆವು.

ಕೊಪ್ಪಳದ ಸ್ಟ್ಯಾಂಡಿಗೆ ಬಸವರಾಜ ಟಾಂಗಾ ತಂದಿದ್ದ. ಹೆಂಡತಿಯನ್ನು ಒಮ್ಮೆ ನೋಡಿ, ನನ್ನನ್ನು ಬದಿಗೆ ಕರೆದು, "ದೊಡ್ಡಪ್ಪ ಅಂಗಡಿಗೆ ಬಂದಿದ್ದ. ಭಾಳ ಸಿಟ್ಟಾಗ್ಯಾನ, ಏನೂ ಹೇಳಲಿಲ್ಲ. ಏನಾತು ಬೇ?" ಎಂದು ಕೇಳಿದ.

"ಮನ್ಯಾಗ ಹೇಳತೀನಿ, ನಡಿ," ಎಂದೆ.

ಟಾಂಗಾದಲ್ಲಿ ಆಗಲೇ ಕೂತಿದ್ದ ನೀಲವ್ವ, "ಇಲ್ಲೇ ಹೇಳ್ರಿ ಅತ್ತಿಯವರ," ಎಂದಳು.

ಹಮಾಲರು, ಇಳಿದ ಜನ, ಟಾಂಗಾದವನು ಎಲ್ಲರೂ ಸುತ್ತ ಇದ್ದರು. ಅವರ ನಡುವೆಯೇ ನಿಂತು ಹೇಳಿದೆ. ಬಸವರಾಜ ಕೇಳಿಸಿಕೊಂಡು ನಮ್ಮ ಟ್ರಂಕನ್ನು ತಾನೇ ಎತ್ತಿ ಟಾಂಗಾದೊಳಗಿಟ್ಟು, ಹತ್ತಿ ಹೆಂಡತಿಯ ಪಕ್ಕದಲ್ಲಿ ಕೂತ. ನಾಲ್ಕು ಜನರ ಎದುರಿಗೆ ಗಂಡ ಹೆಂಡತಿ ಹಾಗೆ ಕೂಡುವ ರೂಢಿ ನಮ್ಮಲ್ಲಿರಲಿಲ್ಲ. ನಾನು ಮುಂದಕ್ಕೆ ಹೋಗಿ ಟಾಂಗಾದವನ ಬಳಿ ಹತ್ತಿ ಕೂತು, ಹೊಡಿ ಎಂದೆ.